ಇಳಿಸಿದ ಮೇಲೇ ಕೀಳಬೇಕು

ಕೊರಳಲ್ಲಿ ಸೀಟಿ ಇಲ್ಲದೆ ಅವನನ್ನು ನೋಡಿದವರು ಆ ಬಸ್ ನಿಲ್ದಾಣದಲ್ಲಿ ಯಾರೂ ಇರಲಿಲ್ಲ. ಕಂಡಕ್ಟರ್ ಕೆಲಸ ಬಿಟ್ಟು ಎಷ್ಟೋ ವರ್ಷವಾಗಿತ್ತು. ಹೆಗಲಿನ ಚರ್ಮದ ಚೀಲ ಹೋಯಿತು, ಖಾಕಿ ಅಂಗಿ ಹರಿದು ಒರೆಸುವ ಬಟ್ಟೆಯಾಯಿತು, ಸೀಟಿ ಮಾತ್ರ ಕಪ್ಪು ದಾರದಲ್ಲಿ ಎದೆಯ ಮೇಲೆ ಹಾಗೇ ಉಳಿಯಿತು. ತಂಗಿಯ ಮಗಳು ಮಾತು ಕಲಿಯುವಾಗ ಇಟ್ಟ ‘ಸೀಟಿ ಮಾವ’ ಎಂಬ ಹೆಸರು ಡ್ರೈವರುಗಳ ಬಾಯಿಗೂ, ಕಡಲೆಕಾಯಿ ಮಾರುವವಳ ಬಾಯಿಗೂ ಹತ್ತಿಕೊಂಡು, ಹುಟ್ಟಿದಾಗ ಇಟ್ಟ ಹೆಸರು ಹಿಡಿದು ಯಾರಾದರೂ ಕರೆದರೆ, ಬೇರೆ ಯಾರನ್ನೋ ಎಂದು ಅವನೇ ಹಿಂದೆ ತಿರುಗಿ ನೋಡುವ ಹಾಗಾಗಿತ್ತು.

ಅವನ ತಂಗಿ ಆ ನಿಲ್ದಾಣದ ದನಿ. ಅಂಗಳದ ಮೂಲೆಯಲ್ಲಿ ಗಾಜಿನ ಗೂಡಿನಂಥ ಒಂದು ಕೋಣೆ. ಒಳಗೆ ಒಂದು ಮೇಜು, ಒಂದು ಮೈಕು, ಕೂತು ಕೂತು ಗುಳಿ ಬಿದ್ದ ಒಂದು ಕುರ್ಚಿ. ಅಲ್ಲಿ ಕೂತು ಅವಳು, “ಪ್ರಯಾಣಿಕರ ಗಮನಕ್ಕೆ. ನೂಲಿನ ಗಿರಣಿ, ಹಳೇ ಸೇತುವೆ ಮಾರ್ಗವಾಗಿ ದೊಡ್ಡಾಸ್ಪತ್ರೆಗೆ ಹೋಗುವ ಬಸ್ಸು ಮೂರನೇ ಅಂಕಣದಲ್ಲಿದೆ” ಎನ್ನುತ್ತಿದ್ದಳು. ಹಾಡುವವರ ಇಂಪು ಆ ದನಿಗೆ ಇರಲಿಲ್ಲ. ತುಂಬಿದ ಕೊಡವನ್ನು ತುಳುಕದ ಹಾಗೆ ನೆಲಕ್ಕೆ ಇಳಿಸಿದಂತೆ ಇರುತ್ತಿತ್ತು. ಆತುರದಲ್ಲಿ ಓಡಿ ಬಂದವನು ಅದನ್ನು ಕೇಳಿ ಒಂದು ಗಳಿಗೆ ನಿಂತು ಉಸಿರು ಬಿಡುತ್ತಿದ್ದ. ಎಲ್ಲರೂ ಅವಳನ್ನು ಮೈಕಕ್ಕ ಎನ್ನುತ್ತಿದ್ದರು.

ಆ ಮೈಕಕ್ಕನ ಗಂಟಲೊಳಗೆ ಒಂದು ಗಂಟು ಬಂತು. ಮೊದಮೊದಲು ಶೀತ ಎಂದುಕೊಂಡಳು, ಬಿಸಿನೀರು ಕುಡಿದಳು. ಸಂಜೆಯಾಗುತ್ತಲೇ ದನಿ ಕಟ್ಟುವುದು ಹೆಚ್ಚಾಯಿತು. ಕೊನೆಗೆ ಡಾಕ್ಟರು ಕೊಳವೆ ಹಾಕಿ ನೋಡಿ ಹೇಳಿದರು, “ಜೀವಕ್ಕೇನೂ ಭಯವಿಲ್ಲ ತಾಯಿ. ಆದ್ರೆ ಅದನ್ನ ತೆಗೀಲೇಬೇಕು. ತೆಗೆದ ಮೇಲೆ ದನಿ ಬರುತ್ತೆ. ಹೇಗೆ ಬರುತ್ತೆ ಅಂತ ಮಾತ್ರ ನಾನು ಮಾತು ಕೊಡೋಕಾಗಲ್ಲ.”

ಸುದ್ದಿ ನಿಲ್ದಾಣದ ಕಂಟ್ರೋಲರ್ ಕಿವಿಗೆ ಬಿತ್ತು. ಬಸ್ಸುಗಳು ಬರುವುದು ಹೋಗುವುದನ್ನೆಲ್ಲ ನೋಡಿಕೊಳ್ಳುವ ಆ ಮನುಷ್ಯ ಕೆಟ್ಟವನಲ್ಲ. ಆದರೆ ಅವನ ಮೇಲೂ ಒಬ್ಬರಿದ್ದರು, ಅವರ ಮೇಲೂ ಒಬ್ಬರಿದ್ದರು. ಗೂಡಿನ ಬಾಗಿಲಲ್ಲಿ ನಿಂತು ಟೋಪಿ ತಿರುವುತ್ತಾ ಹೇಳಿದ. “ಮೇಲಿನವರು ಯಂತ್ರದ ದನಿ ಕಳಿಸ್ತೀವಿ ಅಂತಿದಾರೆ ಅಕ್ಕ. ಬರೋ ಒಂದನೇ ತಾರೀಖಿನೊಳಗೆ ಎಲ್ಲಾ ರೂಟಿನದೂ ನಿಮ್ಮ ದನೀಲೇ ತುಂಬಿಸಿಟ್ರೆ, ‘ನಮ್ಮಲ್ಲಿ ಇದೆ, ಬೇಡ’ ಅಂತ ಬರೆದುಬಿಡ್ತೀನಿ. ಒಂದು ರೂಟು ಬಿಟ್ಟುಹೋದ್ರೂ ಯಂತ್ರ ಬರುತ್ತೆ. ಯಂತ್ರ ಬಂದ್ಮೇಲೆ ಈ ಗೂಡಿಗೆ ಮನುಷ್ಯರು ಯಾಕೆ ಅಂತಾರೆ.”

ಅವನು ಹೋದ ಮೇಲೆ ತಂಗಿ ಪಕ್ಕದಲ್ಲೇ ಇದ್ದ ಸೀಟಿ ಮಾವನ ಕಡೆ ತಿರುಗಿದಳು.

“ನಾನಿನ್ನೂ ಇದೀನಿ ಅಣ್ಣ. ಈಗ್ಲೇ ನನ್ನ ಸತ್ತೋರ ಫೋಟೋ ಥರ ಪೆಟ್ಟಿಗೇಲಿ ಹಾಕಿಡ್ತೀರಾ?”

ಸೀಟಿ ಮಾವನಿಗೆ ಸಮಾಧಾನ ಹೇಳಿ ಗೊತ್ತಿಲ್ಲ. ಬಸ್ಸಿನ ಮಾತು ಬಿಟ್ಟರೆ ಬೇರೆ ಮಾತೂ ಬಾರದು. ಹೆಗಲ ಮೇಲಿನ ಟವಲು ತೆಗೆದು ಅವಳ ಕುರ್ಚಿಯ ಬೆನ್ನಿಗೆ ಹಾಕಿದ. “ಸೀಟು ಹಿಡಿಯೋಕೆ ಟವಲು ಹಾಕಲ್ವೇನೇ ಜನ? ಹಂಗೆ. ನೀನು ಬರೋವರೆಗೂ ನಿನ್ನ ಜಾಗಕ್ಕೆ ಒಂದು ಟವಲು, ಅಷ್ಟೇ.”

ಅವಳು ಅಳಬೇಕು ಎಂದಿದ್ದವಳು ನಕ್ಕುಬಿಟ್ಟಳು. “ಒಗೆದಿರೋ ಟವಲು ಹಾಕು ಮಾರಾಯ.”

ಗೂಡಿನೊಳಗೆ ಒಂದು ಹಳೇ ಕಂಪ್ಯೂಟರ್ ಇತ್ತು. ಎಲ್ಲರೂ ಗುಜರಿಗೆ ಹಾಕಿ ಎಂದಿದ್ದನ್ನು ತಂಗಿಯ ಮಗಳು ಎಬ್ಬಿಸಿ ಕೂರಿಸಿದ್ದಳು. ಅವಳಿಗೆ ಎರಡು ಬೀದಿ ಆಚೆ ಕಂಪ್ಯೂಟರ್ ರಿಪೇರಿ ಅಂಗಡಿ. ಸೀಟಿ ಮಾವನಿಗೆ ಅವಳು ವರಸೆಯಲ್ಲಿ ಸೊಸೆ, ಕೈಯಲ್ಲಿ ಎತ್ತಿ ಆಡಿಸಿದ ಕೂಸು. ಈಗ ಅವನಿಗೇ ಪಾಠ ಹೇಳುವಷ್ಟು ದೊಡ್ಡವಳು.

“ಇದು ಹಳೇ ಎತ್ತು ಮಾವ. ಭಾರದ ಗಾಡಿ ಕಟ್ಟಿದ್ರೆ ಮಲಗಿಬಿಡುತ್ತೆ. ಅದಕ್ಕೇ ಇದನ್ನ ನಡೆಸೋಕೆ ಲಿನಕ್ಸ್ ಅನ್ನೋ ಹಗುರವಾದ ತಂತ್ರಾಂಶ ಹಾಕಿದೀನಿ. ಚೆನ್ನಾಗಿ ಓಡುತ್ತೆ. ಆದ್ರೆ ಹಗುರ ಅಂದ್ಮೇಲೆ ಎಲ್ಲಾನೂ ತಾನಾಗೇ ಮಾಡಲ್ಲ. ಕೆಲವನ್ನ ನಾವೇ ಬಾಯಿಬಿಟ್ಟು ಹೇಳ್ಬೇಕು.”

“ನಿಮ್ಮತ್ತೆಯ ಹಾಗೆ ಅನ್ನು,” ಎಂದ ಸೀಟಿ ಮಾವ. ಅವನ ಹೆಂಡತಿಯೂ ಹೇಳಿಸಿಕೊಳ್ಳದೆ ಒಂದು ಲೋಟ ನೀರು ಕೊಟ್ಟವಳಲ್ಲ.

ಸೊಸೆ ಜೇಬಿನಿಂದ ಪೆನ್ ಡ್ರೈವ್ ತೆಗೆದಳು. ಬೆರಳುದ್ದದ್ದು, ಹಿಂಬದಿಯಲ್ಲಿ ಸಾಸಿವೆಯಷ್ಟು ಕೆಂಪು ದೀಪ. ಸೀಟಿ ಮಾವ ಅದನ್ನು ಮೊದಲ ದಿನವೇ ಕಡ್ಡಿ ಎಂದು ಕರೆದುಬಿಟ್ಟ, ಎಲ್ಲರಿಗೂ ಅದು ಕಡ್ಡಿಯೇ ಆಯಿತು.

“ಬಸ್ಸು ಅಂದ್ಕೋ ಮಾವ,” ಎಂದಳು. “ಚುಚ್ಚಿದ ತಕ್ಷಣ ಒಳಗೆ ಬಂತು ಅಂತಲ್ಲ. ಬಾಗಿಲಲ್ಲಿ ನಿಂತಿರುತ್ತೆ. ಇಲ್ಲಿ ಎಡಗಡೆ ಸಾಲಲ್ಲಿ ಹೆಸರು ಕಾಣುತ್ತೆ ನೋಡು. ಅದನ್ನ ಒತ್ತು. ಈಗ ಹತ್ತಿತು. ಕೆಲಸ ಆದ್ಮೇಲೆ ಇಳಿಸ್ಬೇಕು. ಇಳಿಸಿದ ಮೇಲೇ ಕೀಳ್ಬೇಕು. ಹಾಗೇ ಕಿತ್ಯೋ, ಓಡ್ತಿರೋ ಬಸ್ಸಿಂದ ತಳ್ಳಿದ ಹಾಗೆ.”

ಸೀಟಿ ಮಾವನ ಎದೆ ಉಬ್ಬಿತು. “ಇದನ್ನ ನೀನು ನನಗೆ ಹೇಳ್ಕೊಡ್ತೀಯಾ? ಇಳಿಯೋರ ಕಾಲು ನೆಲಕ್ಕೆ ತಾಗೋ ಮುಂಚೆ ಈ ಸೀಟಿ ಒಂದು ದಿನಾನೂ ಕೂಗಿಲ್ಲ ಮಗಳೇ.”

“ಅದಕ್ಕೇ ತಾನೇ ಅಮ್ಮ ವಾಪಸ್ ಬರೋವರೆಗೂ ಗೂಡು ನಿನಗೆ ಒಪ್ಪಿಸ್ತಿರೋದು. ಇನ್ನೊಂದು ಮಾತು. ಏನಾದ್ರೂ ಎಡವಟ್ಟಾದ್ರೆ ಗಾಬರಿಯಾಗಿ ಕಂಡಕಂಡದ್ದೆಲ್ಲ ಒತ್ತಬೇಡ. ಆಫ್ ಮಾಡಿ ಕೈ ಕಟ್ಟಿ ಕೂತ್ಕೋ.”

ಬಸ್ಸು ಯಾವುದು, ಪ್ರಯಾಣಿಕ ಯಾರು ಎಂದು ಅವಳು ಬಿಡಿಸಿ ಹೇಳಲಿಲ್ಲ. ಅವನೂ ಕೇಳಲಿಲ್ಲ. ಗೊತ್ತಿದ್ದ ವಿದ್ಯೆಯನ್ನು ಯಾರು ಕೇಳುತ್ತಾರೆ?

ಆಪರೇಷನ್ನಿನ ಹಿಂದಿನ ವಾರವೆಲ್ಲ, ಬೆಳಗಿನಲ್ಲಿ ದನಿ ತಿಳಿಯಾಗಿದ್ದಾಗ, ತಂಗಿ ಒಂದೊಂದೇ ರೂಟನ್ನು ಮೈಕಿನ ಮುಂದೆ ಹೇಳಿದಳು. ಹೊರಗಿನ ಸದ್ದು ಬರಬಾರದೆಂದು ಹಳೇ ಬಸ್ಸಿನ ಸೀಟುಗಳ ಸ್ಪಂಜನ್ನು ತಂದು ಕಿಟಕಿಗೆ ಒತ್ತಿದರು. ನಡುವೆ ಕೆಮ್ಮು ಬಂದರೆ ಮತ್ತೆ ಮೊದಲಿಂದ. ಯಾರೋ ಹಾರ್ನು ಹೊಡೆದರೆ ಮತ್ತೆ ಮೊದಲಿಂದ. ಎಲ್ಲ ರೂಟೂ ಮುಗಿದ ದಿನ ಅವಳು ಮೈಕಿನ ಮೇಲೆ ಕೈಯಿಟ್ಟು, ಹೊರಡುವವರು ಹಸುವಿನ ಬೆನ್ನು ಸವರುವ ಹಾಗೆ ಒಂದು ಸಲ ಸವರಿ ಎದ್ದಳು.

ಆಪರೇಷನ್ನಿನ ದಿನ ಸೊಸೆ ಅಮ್ಮನ ಜೊತೆ ಆಸ್ಪತ್ರೆಯಲ್ಲಿದ್ದಳು, ಸೀಟಿ ಮಾವ ಗೂಡಿನಲ್ಲಿ. ಮೇಜಿನ ಕೆಳಗೆ ದನಿ ದೊಡ್ಡದು ಮಾಡುವ ಪೆಟ್ಟಿಗೆ ಇತ್ತು. ಅದರ ಹಣೆಯ ಮೇಲೇ ಕಡ್ಡಿ ಚುಚ್ಚುವ ತೂತು. ಕಂಪ್ಯೂಟರಿನಲ್ಲಿದ್ದ ದನಿ ಕಡ್ಡಿಗೆ ಬರಬೇಕು, ಕಡ್ಡಿ ಪೆಟ್ಟಿಗೆಗೆ ಹೋಗಬೇಕು, ಅಲ್ಲಿಂದ ಕಂಬದ ಮೇಲಿನ ಸ್ಪೀಕರಿಗೆ. ಬೆಳಿಗ್ಗೆ ಸೊಸೆಯ ಫೋನು ಬಂತು.

“ಮಾವ, ಅಮ್ಮನ ದನಿ ಎಲ್ಲಾ ಕಡ್ಡಿಗೆ ಹಾಕು. ಇಳಿಸು. ಆಮೇಲೆ ಕಿತ್ತು ಪೆಟ್ಟಿಗೆಗೆ ಚುಚ್ಚು. ನರ್ಸ್ ಕರೀತಿದಾರೆ, ಇಡ್ತೀನಿ.”

“ನಿಮ್ಮಮ್ಮ ಹೆದರಿದಾಳಾ?” ಎಂದು ಅವನು ಕೇಳುವಷ್ಟರಲ್ಲಿ ಫೋನು ಸತ್ತಿತ್ತು.

ಅವನು ಕಡ್ಡಿ ಚುಚ್ಚಿದ. ಎಡಗಡೆಯ ಸಾಲಿನಲ್ಲಿ ಹೆಸರು ಬಂತು, ಒತ್ತಿದ, ಹತ್ತಿತು. ತಂಗಿಯ ದನಿಗಳನ್ನೆಲ್ಲ ಒಟ್ಟಿಗೆ ಹಿಡಿದು, ಮೌಸ್ ಎಂಬ ಇಲಿಯ ಬಲಗಿವಿ ಒತ್ತಿದ. ಕನ್ನಡದಲ್ಲೇ ಪಟ್ಟಿ ಬಿಚ್ಚಿಕೊಂಡಿತು: ಕತ್ತರಿಸು, ನಕಲಿಸು, ಅಂಟಿಸು. ಸೊಸೆ ಅವನಿಗಾಗಿಯೇ ಎಲ್ಲವನ್ನೂ ಕನ್ನಡ ಮಾಡಿಟ್ಟಿದ್ದಳು. ನಾಲ್ಕನೇ ಕ್ಲಾಸಿನ ಓದಿಗೆ ಅಷ್ಟು ಸಾಕಾಗಿತ್ತು.

ನಕಲಿಸು ಎಂಬ ಮಾತು ಮಾತ್ರ ಅವನಿಗೆ ಹಿಡಿಸಲಿಲ್ಲ. ನಕಲಿ ನೋಟು ಅವನಿಗೆ ಗೊತ್ತು. ನಕಲಿ ಪಾಸು ಇನ್ನೂ ಚೆನ್ನಾಗಿ ಗೊತ್ತು, ಅಂಥವರನ್ನು ದಾರಿಯ ಮಧ್ಯೆ ಇಳಿಸಿದವನು. ತಂಗಿ ಕೆಮ್ಮಿ ಕೆಮ್ಮಿ ಹೇಳಿದ ದನಿಯನ್ನು ಬಿಟ್ಟು ಜನಕ್ಕೆ ಅದರ ನಕಲಿ ಕೇಳಿಸುವುದೇ? ಅಸಲೇ ಹೋಗಲಿ. ‘ಕತ್ತರಿಸು’ ಒತ್ತಿದ. ಕಡ್ಡಿಯೊಳಗೆ ಹೋಗಿ ‘ಅಂಟಿಸು’ ಒತ್ತಿದ.

ಹಸಿರು ಪಟ್ಟಿಯೊಂದು ಎಡದಿಂದ ಬಲಕ್ಕೆ ಓಡಿ ಮಾಯವಾಯಿತು. ಕಂಪ್ಯೂಟರಿನಲ್ಲಿ ನೋಡಿದ, ಖಾಲಿ. ಕಡ್ಡಿಯಲ್ಲಿ ನೋಡಿದ, ಎಲ್ಲ ಹೆಸರೂ ಸಾಲಾಗಿ ನಿಂತಿವೆ. ಬಸ್ಸು ಬರಿದಾಗಿದೆ, ಜನರೆಲ್ಲ ನಿಲ್ದಾಣದಲ್ಲಿ ಇಳಿದಿದ್ದಾರೆ. ಇಳಿಸು ಎಂದಳು, ಇಳಿಸಿದ್ದಾಯಿತು. ಇನ್ನೇನು?

ಕಡ್ಡಿಯ ಹೆಸರಿನ ಪಕ್ಕದಲ್ಲಿ ಒಂದು ಪುಟ್ಟ ಬಾಣವಿತ್ತು. ಮೇಲಕ್ಕೆ ಮುಖ, ಕೆಳಗೊಂದು ಗೆರೆ. ಅದು ಇಳಿಸುವ ಗುಂಡಿ ಎಂದು ಅವನಿಗೆ ಹೊಳೆಯುವುದಾದರೂ ಹೇಗೆ? ಇಳಿಯಿರಿ ಎನ್ನುವವನು ಆಕಾಶ ತೋರಿಸುತ್ತಾನೆಯೇ? ಮೇಲಕ್ಕೆ ಎಂದರೆ ಹತ್ತುವುದು, ಹತ್ತಿದ್ದಂತೂ ಆಗಿದೆ. ಅದನ್ನು ಮುಟ್ಟಲಿಲ್ಲ.

ಕಡ್ಡಿಯ ಕೆಂಪು ದೀಪ ಇನ್ನೂ ಮಿಟಿಮಿಟಿ ಎನ್ನುತ್ತಿತ್ತು. ನೋಡಿದ, ಆದರೆ ಅದರ ಅರ್ಥ ತಿಳಿಯಲಿಲ್ಲ. ಕಿತ್ತ.

ಪೆಟ್ಟಿಗೆಗೆ ಚುಚ್ಚಿ ಕಂಬದ ಕಡೆ ಕಿವಿ ಕೊಟ್ಟು ನಿಂತ. ಸ್ಪೀಕರು ಒಮ್ಮೆ ಕರ್ ಎಂದಿತು, ಸುಮ್ಮನಾಯಿತು. ಮುಂದಿನದನ್ನು ಒತ್ತಿದ. ಸುಮ್ಮನೆ. ಅದರ ಮುಂದಿನದು. ಅದೂ ಸುಮ್ಮನೆ. ಕಡ್ಡಿಯನ್ನು ವಾಪಸು ಕಂಪ್ಯೂಟರಿಗೆ ಹತ್ತಿಸಿ ನೋಡಿದರೆ ಹೆಸರುಗಳೆಲ್ಲ ಇದ್ದವು. ದೊಡ್ಡಾಸ್ಪತ್ರೆ, ಹಳೇ ಸೇತುವೆ, ಕೊನೆಯ ಬಸ್ಸು. ಒತ್ತಿದರೆ ಒಳಗೆ ಏನೂ ಇಲ್ಲ. ಮನೆಬಾಗಿಲಿಗೆ ಹೆಸರಿನ ಹಲಗೆ ಇದೆ, ಮನೆಯೇ ಇಲ್ಲ.

ಸೀಟಿ ಮಾವ ಆಸ್ಪತ್ರೆಯ ದಿಕ್ಕಿಗೆ ನೋಡಿದ. ಈ ಗಳಿಗೆಯಲ್ಲಿ ಅಲ್ಲಿ ಡಾಕ್ಟರು ತಂಗಿಯ ಗಂಟಲಿಗೆ ಕೈ ಹಾಕಿರುತ್ತಾರೆ. ಇಲ್ಲಿ ಅವಳ ದನಿಯನ್ನು ತಾನು ತೂತಿನ ಗಡಿಗೆಗೆ ಸುರಿದ ಹಾಗಾಯಿತಲ್ಲ! ಕೈ ತಾನಾಗೇ ಇಲಿಯ ಕಡೆ ಹೋಯಿತು. ಅದನ್ನು ಒತ್ತಲೇ, ಇದನ್ನು ಒತ್ತಲೇ. ಆಗ ಸೊಸೆಯ ಎರಡನೇ ಮಾತು ನೆನಪಾಯಿತು. ಗಾಡಿ ಕೆಟ್ಟು ನಿಂತಾಗ ಅವನೂ ಜನಕ್ಕೆ ಅದನ್ನೇ ಹೇಳುತ್ತಿದ್ದ: ಕೂತಲ್ಲೇ ಕೂತಿರಿ, ಯಾರೂ ಕೆಳಗಿಳಿದು ತಳ್ಳಬೇಡಿ. ಕಂಪ್ಯೂಟರ್ ಆಫ್ ಮಾಡಿ, ಅದಕ್ಕೆ ಮೈಕಿನ ಬಟ್ಟೆ ಹೊದಿಸಿದ.

ಅಷ್ಟರಲ್ಲಿ ಗಾಜಿಗೆ ಬೆರಳು ಬಡಿಯತೊಡಗಿತ್ತು. “ಏನ್ರೀ, ದೊಡ್ಡಾಸ್ಪತ್ರೆ ಬಸ್ಸು ಎಲ್ಲಿ? ಇವತ್ತು ಯಾರಿಗೂ ಬಾಯಿಲ್ವಾ?” ಸೀಟಿ ಮಾವ ಮೈಕು ಹಿಡಿದ. ಹಿಡಿದದ್ದೇ ತಡ, ಹಳೇ ಕಂಡಕ್ಟರ್ ಎದ್ದು ಕೂತ. “ಏಯ್ ಗಿರಣಿ, ಹಳೇಸೇತ್ವೆ, ದೊಡ್ಡಾಸ್ಪತ್ರೆ! ಯಾರ್ರೀ ದೊಡ್ಡಾಸ್ಪತ್ರೆ! ಬನ್ನಿ ಬೇಗ ಬೇಗ!” ಬೆಂಚಿನ ಕೆಳಗೆ ಮಲಗಿದ್ದ ನಾಯಿ ಎದ್ದು ರಸ್ತೆಗೆ ಓಡಿತು. ಒಂದು ಮಗು ಅತ್ತಿತು. ಕಡಲೆಕಾಯಿಯವಳು ಬುಟ್ಟಿ ಹಿಡಿದುಕೊಂಡು, “ಅಯ್ಯೋ ಸೀಟಿ ಮಾವ, ಮೈಕು ಇರೋದೇ ಕೂಗಬಾರದು ಅಂತ!” ಎಂದಳು.

ಮಧ್ಯಾಹ್ನ ಸೊಸೆಯ ಫೋನು ಬಂತು. “ಚೆನ್ನಾಗಾಯ್ತು ಮಾವ. ಕಣ್ಣು ಬಿಟ್ಟಿದಾಳೆ. ಡಾಕ್ಟ್ರು ಹೇಳೋವರೆಗೂ ಒಂದು ಮಾತೂ ಆಡಬಾರದಂತೆ. ಅಲ್ಲಿ ಹೇಗಿದೆ? ಅಮ್ಮನ ದನಿ ಕೇಳ್ತಿದಾರಾ ಜನ?”

ಸೀಟಿ ಮಾವನ ನಾಲಿಗೆ ಮೇಲೆ ಸುಳ್ಳೊಂದು ಬಂದು ಕೂತಿತ್ತು. ಅದನ್ನು ನುಂಗಿ, “ನೀನು ಸಾಯಂಕಾಲ ಅಂಗಡಿಗೆ ಹೋಗೋ ಮುಂಚೆ ಇಲ್ಲಿಗೆ ಬಾರಮ್ಮ,” ಎಂದ.

ಅವಳು ಬಂದಾಗ ನಡೆದದ್ದನ್ನೆಲ್ಲ ಒಂದೂ ಬಿಡದೆ ಹೇಳಿದ. ಸೊಸೆ ಎರಡೂ ಕೈ ತಲೆಯ ಮೇಲೆ ಹೊತ್ತಳು.

“ಕತ್ತರಿಸಿದ್ಯಾ? ಮಾವಾ! ನಕಲಿಸು ಅಂತ ಪಕ್ಕದಲ್ಲೇ ಇತ್ತಲ್ಲ! ಆಗ ಅಲ್ಲೂ ಒಂದು ಇಲ್ಲೂ ಒಂದು ಉಳೀತಿತ್ತು!”

“ನಕಲಿ ಯಾಕೆ ಅಂತ ಅಸಲೇ ಹಾಕಿದೆ.”

ಅವಳ ಬಾಯಿಂದ ನಗುವೋ ಅಳುವೋ ತಿಳಿಯದ ಸದ್ದೊಂದು ಬಂತು. “ಸರಿ, ಕತ್ತರಿಸಿದೆ. ಇಳಿಸಿಯಾದ್ರೂ ಕೀಳ್ಬೇಕಿತ್ತಲ್ಲ.”

“ಇಳಿಸಿದೆನಲ್ಲಮ್ಮ. ದನಿ ಎಲ್ಲಾ ಕಂಪ್ಯೂಟರಿಂದ ಇಳಿದು ಕಡ್ಡಿಗೆ ಬಂದವಲ್ಲ. ಬಸ್ಸು ಖಾಲಿಯಾಗಿತ್ತು, ನಾನೇ ನೋಡಿದೆ.”

ಸೊಸೆ ಗುಳಿ ಬಿದ್ದ ಕುರ್ಚಿಯ ಮೇಲೆ ಕೂರಲು ಹೋಗಿ, ಟವಲು ನೋಡಿ, ಪಕ್ಕದ ಸ್ಟೂಲಿನ ಮೇಲೆ ಕೂತಳು.

“ನನ್ನದೂ ತಪ್ಪಿದೆ ಮಾವ. ನೀನು ದನಿಗಳನ್ನ ಜನ ಅಂದ್ಕೊಂಡೆ. ನಾನು ಹೇಳಿದ್ದು ಕಡ್ಡೀನ. ಕಡ್ಡಿ ಪ್ರಯಾಣಿಕ. ದನಿಗಳೆಲ್ಲ ಅದರ ಚೀಲದಲ್ಲಿರೋ ಸಾಮಾನು. ಇಳಿಸ್ಬೇಕಾಗಿದ್ದು ಕಡ್ಡೀನ.”

“ಆ ಹಸಿರು ಪಟ್ಟಿ ಮುಗೀತಲ್ಲ ಮತ್ತೆ?”

“ಅಲ್ಲೇ ಇರೋದು ಮೋಸ. ಕಡ್ಡಿ ನಿಧಾನ, ಕಂಪ್ಯೂಟರಿಗೆ ಅವಸರ. ‘ಆಯ್ತು ಆಯ್ತು’ ಅಂತ ನಿನಗೆ ಹೇಳಿಬಿಡುತ್ತೆ, ಸಾಮಾನೆಲ್ಲ ಇನ್ನೂ ತನ್ನ ಕೈಯಲ್ಲೇ ಇಟ್ಕೊಂಡು ಒಂದೊಂದಾಗಿ ದಾಟಿಸ್ತಿರುತ್ತೆ. ಮೊದಲು ಹೆಸರು ಬರೆದಿರುತ್ತೆ, ಮೈ ಹಿಂದಿನಿಂದ ಬರುತ್ತೆ. ನೀನು ಇಳಿಸು ಅಂದಾಗ್ಲೇ ಅದು ಉಳಿದಿದ್ದನ್ನೆಲ್ಲ ಕೊಟ್ಟು ಕೈ ತೊಳ್ಕೊಳ್ಳೋದು. ದೀಪ ಮಿಟುಕ್ತಿರ್ಲಿಲ್ವಾ?”

“ಮಿಟುಕ್ತಿತ್ತು.”

ಗಾಜಿನಾಚೆ ಒಂದು ಬಸ್ಸು ಹಿಂದಕ್ಕೆ ಬರುತ್ತಿತ್ತು. ಅದರ ಕಂಡಕ್ಟರ್ ಪಕ್ಕಕ್ಕೆ ಕೈ ಬಡಿದು ಡ್ರೈವರನ್ನು ನಿಲ್ಲಿಸಿದ. ಸೀಟಿ ಮಾವ ಅದನ್ನೇ ನೋಡುತ್ತಾ ಹೇಳಿದ, “ಅಂದ್ರೆ ಫುಟ್‌ಬೋರ್ಡ್ ಮೇಲೆ ಇನ್ನೂ ಜನ ಇದ್ರು.”

“ಹೂಂ ಮಾವ.”

“ನಾನು ಸೀಟಿ ಊದಿಬಿಟ್ಟೆ.”

ಅವನ ಕೈ ಎದೆಯ ಮೇಲಿನ ಸೀಟಿಯನ್ನು ಮುಚ್ಚಿ ಹಿಡಿದಿತ್ತು. ಸೊಸೆ ಆ ಕೈಯನ್ನು ನೋಡಿ ಗದರುವುದನ್ನು ಬಿಟ್ಟಳು.

“ತಕ್ಷಣ ಆಫ್ ಮಾಡಿದ್ಯಲ್ಲ, ಅದೊಂದು ಪುಣ್ಯದ ಕೆಲಸ. ಕಂಪ್ಯೂಟರಿಂದ ಅಳಿಸಿದ್ದು ಅಂದ್ರೆ ಮನೆ ಕೆಡವಿದ ಹಾಗಲ್ಲ, ಬಾಗಿಲ ಸಂಖ್ಯೆ ಕಿತ್ತ ಹಾಗೆ. ಮೇಲೆ ಯಾರೂ ಹೊಸ ಮನೆ ಕಟ್ಟಿಲ್ಲ ಅಂದ್ರೆ ಹುಡುಕಬಹುದು. ಎಲ್ಲಾ ಸಿಗುತ್ತೆ ಅಂತ ಮಾತ್ರ ಹೇಳಲ್ಲ.”

“ಡಾಕ್ಟರ್ ಮಾತೇ ಆಡ್ತೀಯಲ್ಲೇ ನೀನೂ.”

ಮರುದಿನ ಬೆಳಿಗ್ಗೆ ಅವಳು ಬೇರೊಂದು ಕಡ್ಡಿಯಿಂದ ಕಂಪ್ಯೂಟರನ್ನು ಎಬ್ಬಿಸಿ, ಅದರ ಹೊಟ್ಟೆಯನ್ನೆಲ್ಲ ಮೂಲೆ ಮೂಲೆ ಬಿಡದೆ ಶೋಧಿಸಲು ಬಿಟ್ಟಳು. ನಿಧಾನವಾಗಿ ಒಂದೊಂದೇ ದನಿ ಹೊರಗೆ ಬಂತು. ಆದರೆ ಯಾವುದಕ್ಕೂ ಹೆಸರಿಲ್ಲ, ಬರೀ ಸಂಖ್ಯೆ. ಕಡ್ಡಿಯಲ್ಲಿ ಹೆಸರಿದೆ ದನಿಯಿಲ್ಲ, ಇಲ್ಲಿ ದನಿಯಿದೆ ಹೆಸರಿಲ್ಲ. ಎರಡನ್ನೂ ಕೂಡಿಸುವ ಕೆಲಸ ಸೀಟಿ ಮಾವನದಾಯಿತು. ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕೂತ. ಒಂದೊಂದನ್ನೂ ಪೂರ್ತಿ ಕೇಳಿ, “ಇದು ಗಿರಣಿ, ಇದು ಕೆರೆ ಏರಿ, ಇದು ಸಂತೆ ಮೈದಾನ” ಎಂದು ಹೇಳುತ್ತಾ ಹೋದ. ಸೊಸೆ ಹೆಸರು ಕೊಡುತ್ತಾ ಹೋದಳು. ಒಂದು ಸಲ ಅವನು ಬೆಚ್ಚಿ ಹೆಡ್‌ಫೋನ್ ತೆಗೆದ.

“ಏನಾಯ್ತು ಮಾವ?”

“ಬೈತಿದಾಳೆ.”

ಸೊಸೆ ಕಿವಿಗಿಟ್ಟು ಕೇಳಿದಳು. ಬೇಡವೆಂದು ಎಂದೋ ಅಳಿಸಿದ್ದ ತುಣುಕೂ ಎದ್ದು ಬಂದಿತ್ತು: “ಅಣ್ಣಾ, ಕಾಫಿ ಲೋಟ ಮೈಕಿನ ಹತ್ರ ಇಡ್ಬೇಡ ಅಂತ ಎಷ್ಟು ಸಲ ಹೇಳ್ಬೇಕು ನಿನಗೆ!”

“ಇದಕ್ಕೆ ಏನು ಹೆಸರಿಡ್ಲಿ?”

“ಅದನ್ನ ಬೇರೆ ಎತ್ತಿಡಮ್ಮ. ನನಗೆ ಬೇಕು.”

ಬಹಳಷ್ಟು ಬಂದವು. ಎಲ್ಲವೂ ಬರಲಿಲ್ಲ. ಕೆಲವು ಅರ್ಧಕ್ಕೇ ಹರಿದು ಗೊರಗೊರ ಎಂದವು. ಕೆಲವು ಇಲ್ಲವೇ ಇಲ್ಲ. ಇಲ್ಲದವುಗಳಲ್ಲಿ ದೊಡ್ಡಾಸ್ಪತ್ರೆಯದೂ ಇತ್ತು, ಕೊನೆಯ ಬಸ್ಸಿನದೂ ಇತ್ತು. ಒಂದು ರೂಟು ಬಿಟ್ಟುಹೋದರೂ ಯಂತ್ರ ಬರುತ್ತದೆ ಎಂದಿದ್ದ ಕಂಟ್ರೋಲರ್. ಇಲ್ಲಿ ಒಂದಲ್ಲ.

ಇನ್ನು ತಂಗಿಗೆ ಹೇಳುವುದು ಬಾಕಿ. “ನಾನು ಹೇಳ್ಲಾ?” ಎಂದಳು ಸೊಸೆ. “ಬೇಡ. ಊದಿದೋನು ನಾನು.”

ತಂಗಿ ಆಸ್ಪತ್ರೆಯಿಂದ ಬಂದು ಮನೆಯಲ್ಲಿ ಮಂಚದ ಮೇಲೆ ದಿಂಬಿಗೆ ಒರಗಿದ್ದಳು. ಮಾತಾಡುವ ಹಾಗಿಲ್ಲವೆಂದು ಪಕ್ಕದಲ್ಲಿ ಸ್ಟೀಲ್ ಲೋಟ, ಚಮಚ. ಅಣ್ಣತಂಗಿ ಚಿಕ್ಕಂದಿನಿಂದ ಆಡಿದ ಬಸ್ಸಾಟದ ಲೆಕ್ಕವೇ ಅದಕ್ಕೂ: ಒಂದು ಬಡಿದರೆ ನಿಲ್ಲಿಸು, ಎರಡು ಬಡಿದರೆ ರೈಟ್, ಹೋಗಲಿ. ಚಿಕ್ಕವಳಿದ್ದಾಗ ಎರಡು ಸ್ಟೂಲುಗಳ ಬಸ್ಸಿನಲ್ಲಿ ಅವಳು ಯಾವಾಗಲೂ ಕೂಗುವವಳು, ಅವನು ಯಾವಾಗಲೂ ಊದುವವನು.

ಸೀಟಿ ಮಾವ ಮಂಚದ ತುದಿಗೆ ಕೂತು ಹೇಳಲು ಶುರುಮಾಡಿದ. ದನಿ ಹೋಯಿತು ಎಂಬಲ್ಲಿಗೆ ಬಂದಾಗ ಚಮಚ ಲೋಟಕ್ಕೆ ಟಣ್ ಎಂದು ಒಂದು ಸಲ ಬಡಿಯಿತು. ನಿಲ್ಲಿಸಿದ. ಅವಳು ಕಣ್ಣು ಮುಚ್ಚಿಕೊಂಡಿದ್ದಳು. ಗೋಡೆಯಾಚೆ ಯಾರೋ ಬಕೆಟ್ಟಿಗೆ ನೀರು ಬಿಟ್ಟರು, ತುಂಬಿತು, ನಿಲ್ಲಿಸಿದರು. ಅಷ್ಟು ಹೊತ್ತು ಅವನು ತಲೆ ಎತ್ತಲಿಲ್ಲ.

ಆಮೇಲೆ ಅವಳು ಕೈಯಾಡಿಸಿ ಕೇಳಿದಳು. ಯಾಕೆ? ಯಾಕೆ ಹಾಗೆ ಮಾಡಿದೆ?

“ನಕಲಿಸು ಅಂತ ಇತ್ತು. ನಿನ್ನ ದನಿ ನಕಲಿ ಮಾಡೋಕೆ ಮನಸ್ಸು ಬರ್ಲಿಲ್ಲ ಕಣೇ.”

ತಂಗಿ ಅವನನ್ನೇ ನೋಡಿದಳು. ಮೊದಲು ತುಟಿ ಅದುರಿತು, ಆಮೇಲೆ ಭುಜ, ಆಮೇಲೆ ಮಂಚವೇ ಅಲುಗಿತು. ಸದ್ದಿಲ್ಲದೆ ನಗುತ್ತಿದ್ದಳು. ನಗಬಾರದು ಎಂದು ಡಾಕ್ಟರು ಹೇಳಿದ್ದು ನೆನಪಾಗಿ ಬಾಯಿಗೆ ಸೆರಗು ಒತ್ತಿಕೊಂಡಳು. ಕಣ್ಣಿನಲ್ಲಿ ನೀರು, ಅದು ನಗುವಿನದೋ ಬೇರೆಯದೋ ಅವನು ಕೇಳಲಿಲ್ಲ. ಕೊನೆಗೆ ಚಮಚ ಎತ್ತಿದಳು. ಟಣ್, ಟಣ್. ರೈಟ್. ಹೋಗಲಿ, ಮುಂದಕ್ಕೆ ನಡಿ.

ಮುಂದಕ್ಕೆ ಎಂದರೆ ಎಲ್ಲಿಗೆ? ಅವನಿಗೆ ಗೊತ್ತಿರಲಿಲ್ಲ. ಅವಳು ತನ್ನ ಗಂಟಲಿಗೆ ಬೆರಳು ತೋರಿಸಿ, ತಾಳು ಎಂಬಂತೆ ಅಂಗೈ ಅಡ್ಡ ಹಿಡಿದಳು.

ಸೀಟಿ ಮಾವ ತಾಳಿದ. ದಿನವೂ ಗೂಡಿಗೆ ಹೋಗಿ, ಕೂಗದೆ ಮೈಕಿನಲ್ಲಿ ಹೇಳುವುದನ್ನು ಕಲಿಯಲು ನೋಡಿದ. ಬಿಡುವಿದ್ದಾಗ ಹಳೇ ಖಾಲಿ ಕಡ್ಡಿಯೊಂದನ್ನು ಹತ್ತಿಸುವುದು, ಬಾಣ ಒತ್ತಿ ಇಳಿಸುವುದು, ಕೀಳುವುದು. ಆ ಬಾಣದ ಜೊತೆ ಜಗಳವೂ ಆಯಿತು. “ಇಳಿಸೋಕೆ ಮೇಲ್ಗಡೆ ಯಾಕೆ ತೋರಿಸ್ತೀಯೋ ಬಡವ?” ಎಂದು ಅದನ್ನೇ ಕೇಳಿದ. ಸೊಸೆ ನಕ್ಕು, “ಕಡ್ಡಿ ಎದ್ದು ಹೊರಗೆ ಹಾರಿ ಬರುತ್ತೆ ಅಂತ ಮಾವ,” ಎಂದಳು. “ಹಂಗಾದ್ರೆ ಅದು ಎಬ್ಬಿಸೋ ಗುಂಡಿ. ‘ಏಳಪ್ಪ, ನಿನ್ನ ಸ್ಟಾಪು ಬಂತು’ ಅನ್ನೋ ಗುಂಡಿ,” ಎಂದ ಅವನು. ಆಮೇಲೆ ಅದನ್ನು ಮರೆಯಲಿಲ್ಲ.

ಒಂದನೇ ತಾರೀಖು ಹತ್ತಿರ ಬಂತು. ಸ್ವಲ್ಪ ಸ್ವಲ್ಪ ಮಾತಾಡಬಹುದೆಂದು ಡಾಕ್ಟರು ಒಪ್ಪಿದರೂ ತಂಗಿ ಬಾಯಿ ತೆರೆಯಲಿಲ್ಲ. ಹೇಗಿರುತ್ತದೋ ಎಂಬ ಹೆದರಿಕೆ. ಅಡುಗೆಮನೆಯಲ್ಲಿ ಕೂತು ಸೊಪ್ಪು ಬಿಡಿಸುತ್ತಿದ್ದಳು, ಸೀಟಿ ಮಾವ ಎದುರಿಗೆ ಪೇಪರು ಹಿಡಿದಿದ್ದ. ಒಲೆಯ ಮೇಲೆ ಪಾತ್ರೆ ಸುಂಯ್ ಎಂದಿತು.

“ಅಣ್ಣಾ, ಹಾಲು!”

ಹಾಲು ಉಕ್ಕಿ ಹರಿಯಿತು. ಇಬ್ಬರೂ ಏಳಲಿಲ್ಲ. ಬಂದಿದ್ದು ಮೊದಲಿನ ದನಿಯಲ್ಲ. ಕೆಳಗೆ ಇಳಿದಿತ್ತು, ಅಂಚು ಗೋಣಿಯ ಹಾಗೆ ಒರಟಾಗಿತ್ತು. ಆದರೆ ತುಳುಕಿರಲಿಲ್ಲ.

“ಇದು ನಂದೇನಾ?” ಎಂದಳು ಮೆಲ್ಲಗೆ.

“ರೂಟು ಅದೇ ಕಣೇ,” ಎಂದ ಸೀಟಿ ಮಾವ ಕಣ್ಣೊರೆಸಿಕೊಳ್ಳುತ್ತಾ. “ಬಸ್ಸು ಬದಲಾಗಿದೆ ಅಷ್ಟೇ.”

“ಒಲೆ ಆರಿಸು ಮೊದಲು.”

ಮರುದಿನ ಮತ್ತೆ ಕಿಟಕಿಗೆ ಸ್ಪಂಜು ಒತ್ತಿದರು. ಸಿಗದೆ ಹೋದ ರೂಟುಗಳನ್ನು ಮಾತ್ರ ತಂಗಿ ಹೊಸ ದನಿಯಲ್ಲಿ ಹೇಳಿದಳು, ಎರಡು ಹೇಳಿ ನೀರು ಕುಡಿದು, ಮತ್ತೆ ಒಂದು ಹೇಳಿ ಸುಮ್ಮನಿದ್ದು. ಈ ಸಲ ಸೀಟಿ ಮಾವ ‘ನಕಲಿಸು’ ಒತ್ತಿದ. ಅಸಲು ಕಂಪ್ಯೂಟರಿನಲ್ಲಿ ಕೂತಿತು, ಸೊಸೆಯ ಅಂಗಡಿಗೂ ಒಂದು ಪ್ರತಿ ಹೋಯಿತು. ಕಡ್ಡಿಗೆ ಹೋಗಬೇಕಾದದ್ದು ಕಡ್ಡಿಗೆ ಹೊರಟಿತು. ಹಸಿರು ಪಟ್ಟಿ ಓಡಿ ಮುಗಿಯಿತು. ಬಾಗಿಲಲ್ಲಿ ಕಂಟ್ರೋಲರ್ ಬಂದು ನಿಂತಿದ್ದ.

“ಆಯ್ತಲ್ಲ ಮಾವ, ಕೀಳಿ, ಕೇಳೋಣ. ಮೇಲಿನವರಿಗೆ ಇವತ್ತೇ ಉತ್ತರ ಬರೀಬೇಕು.”

“ಇಳಿಯೋರು ಇದಾರೆ ಸಾರ್, ತಡೀರಿ.”

ಬಾಣ ಒತ್ತಿದ. ಕೆಂಪು ದೀಪ ಮಿಟುಕಿತು, ಮಿಟುಕಿತು. ಕಂಟ್ರೋಲರ್ ಗಡಿಯಾರ ನೋಡಿದ. ಸೀಟಿ ಮಾವ ಗಡಿಯಾರ ನೋಡುವವನೇ ಅಲ್ಲ, ಅವನ ಕಣ್ಣೆಲ್ಲ ದೀಪದ ಮೇಲೆ. ಎಷ್ಟೋ ಮುದುಕಿಯರು ಬುಟ್ಟಿ, ಕೋಲು, ಮೊಮ್ಮಗುವಿನ ಕೈ ಹಿಡಿದು ಒಂದೊಂದೇ ಮೆಟ್ಟಿಲು ಇಳಿಯುವಾಗ ಡ್ರೈವರ್ ಹಾರ್ನು ಹೊಡೆದರೂ ಅವನು ಹೀಗೇ ನಿಂತಿರುತ್ತಿದ್ದ. ದೀಪ ನಿಂತಿತು. ಈಗ ತೆಗೆಯಬಹುದು ಎಂದು ಪರದೆಯ ಮೂಲೆಯಲ್ಲಿ ಬರೆದು ಬಂತು. ಅದಾದ ಮೇಲೂ ಒಂದು ಉಸಿರು ತಾಳಿ, ಕಿತ್ತು, ಪೆಟ್ಟಿಗೆಗೆ ಚುಚ್ಚಿದ.

“ಪ್ರಯಾಣಿಕರ ಗಮನಕ್ಕೆ,” ಎಂದಿತು ಕಂಬ. ಸಂತೆ ಮೈದಾನದ ಬಸ್ಸು, ಹಳೇ ದನಿ. ಕಡಲೆಕಾಯಿಯವಳು ಬುಟ್ಟಿಯಿಂದ ತಲೆ ಎತ್ತಿದಳು. ಮುಂದಿನದು ದೊಡ್ಡಾಸ್ಪತ್ರೆ, ಹೊಸ ದನಿ. ಬೆಂಚಿನ ಮೇಲಿದ್ದ ಮುದುಕನೊಬ್ಬ ಪಕ್ಕದವನಿಗೆ, “ಮೈಕಕ್ಕನ ಅಕ್ಕ ಬಂದಿರಬೇಕು,” ಎಂದ.

ಕಂಟ್ರೋಲರ್ ಹುಬ್ಬು ಗಂಟಿಕ್ಕಿದ. “ಇದೇನಿದು, ಎರಡು ದನಿ?”

ಮೂಲೆಯಲ್ಲಿ ನಿಂತಿದ್ದ ತಂಗಿ ಮುಂದೆ ಬಂದಳು. “ಒಂದೇ ಸಾರ್. ಅದು ಸೀಟು ಹಿಡಿಯೋಕೆ ಹಾಕಿದ್ದ ಟವಲು. ಇದು ನಾನು.”

ಅವನು ಸ್ಪೀಕರಿನ ಕಡೆ ನೋಡಿದ, ಅವಳ ಕಡೆ ನೋಡಿದ. “ಎಲ್ಲಾ ರೂಟೂ ಇದೆಯಾ? ಒಂದೂ ಬಿಟ್ಟಿಲ್ವಾ?”

“ಒಂದೂ ಬಿಟ್ಟಿಲ್ಲ,” ಎಂದ ಸೀಟಿ ಮಾವ. “ಎಲ್ಲರೂ ಇಳಿದಿದಾರೆ. ನಾನು ನಿಂತು ನೋಡಿದೀನಿ.”

ಕಂಟ್ರೋಲರ್ ಟೋಪಿ ತಲೆಗೆ ಹಾಕಿಕೊಂಡ. “ನಾನು ಕೇಳಿದ್ದು ನಿಮ್ಮ ದನಿ ಅಕ್ಕ. ಒಂದೇ ಥರ ಇರ್ಬೇಕು ಅಂತ ಎಲ್ಲೂ ಹೇಳಿಲ್ಲ. ‘ನಮ್ಮಲ್ಲಿ ಇದೆ, ಬೇಡ’ ಅಂತ ಬರೀತೀನಿ.” ಹೋಗುತ್ತಾ ತಿರುಗಿ, “ಸೀಟಿ ಮಾವ, ನೀವು ಮಾತ್ರ ಇನ್ಮೇಲೆ ಮೈಕು ಮುಟ್ಟಬೇಡಿ. ಆ ನಾಯಿ ಇನ್ನೂ ವಾಪಸ್ ಬಂದಿಲ್ಲ,” ಎಂದ.

ಹೊರಗೆ ಮಧ್ಯಾಹ್ನದ ಬಸ್ಸುಗಳು ಅಂಕಣಕ್ಕೆ ಬರತೊಡಗಿದ್ದವು. ತಂಗಿ ತನ್ನ ಕುರ್ಚಿಯ ಪಕ್ಕಕ್ಕೆ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತಳು.

“ಅಣ್ಣಾ, ಟವಲು ತೆಗಿ. ಬಂದಿದೀನಲ್ಲ.”

ಅವನು ತೆಗೆದ. ಅವಳು ಗುಳಿಯೊಳಗೆ ಕೂತು, ಮೈಕಿನ ಹತ್ತಿರವಿದ್ದ ಕಾಫಿ ಲೋಟವನ್ನು ಮಾತಿಲ್ಲದೆ ದೂರ ಸರಿಸಿ, ಅದರೊಳಗಿನ ಚಮಚದಿಂದ ಅದರ ಅಂಚಿಗೆ ಎರಡು ಸಲ ಬಡಿದಳು.